ಹೇಳಿದವರನ್ನು ಬಯ್ಯುವುದಿಲ್ಲ

ಶಶಿರೇಖಾಳ ಬಾಯಲ್ಲಿ ಊಹೆಯ ಮಾತು ಬಂದದ್ದನ್ನು ನಾನು ಕೇಳಿಲ್ಲ. ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಗುಂಡ್ಲುಪೇಟೆಯ ಕಡೆಗೆ ಹೋಗುವವರೆಲ್ಲ ಬಿಸಿಲಿಗೆ ಕಣ್ಣು ಕಿರಿದಾಗಿಸಿ ನಿಂತಿರುವಾಗ, ಒಬ್ಬರು ಪಕ್ಕದವರನ್ನು ‘ಬಸ್ಸು ಎಷ್ಟೊತ್ಗೆ?’ ಎಂದು ಕೇಳುವುದೂ, ಪಕ್ಕದವರು ‘ಈಗ ಬತ್ತದೆ’ ಎನ್ನುವುದೂ ನಮ್ಮ ಕಡೆಯ ಲೋಕಾಚಾರ. ಕಾಯುವವರಿಬ್ಬರು ಹಂಚಿಕೊಳ್ಳುವ ಸಣ್ಣದೊಂದು ಸಮಾಧಾನ ಅದು. ಪರಿಚಯವಾದ ಹೊಸದರಲ್ಲಿ ಅದೇ ಪ್ರಶ್ನೆಯನ್ನು ನಾನು ಶಶಿರೇಖಾಳಿಗೆ ಕೇಳಿದೆ. ಆಕೆ ರಸ್ತೆಯ ತಿರುವನ್ನು ಸ್ವಲ್ಪ ಹೊತ್ತು ನೋಡಿ, ನನ್ನ ಕಡೆ ತಿರುಗಿ, “ನಿನ್ನೆ ಎಂಟೂಕಾಲಿಗೆ ಬಂದಿತ್ತು ಸಾರ್. ಇವತ್ತಿಂದು ಗೊತ್ತಿಲ್ಲ” ಎಂದಳು. ನನಗೆ ಆ ಹೊತ್ತು, ಚಾಚಿದ ಕೈಯನ್ನು ಯಾರೋ ಹಿಡಿಯದೆ ಬಿಟ್ಟಂತೆ ಅನ್ನಿಸಿತು. ಆಕೆಯ ಮುಖದಲ್ಲಿ ಮಾತ್ರ ಒರಟುತನದ ಲೇಶವೂ ಇರಲಿಲ್ಲ. ಕೇಳಿದ್ದಕ್ಕೆ ತನಗೆ ತಿಳಿದಷ್ಟನ್ನು, ಒಂದು ಗುಲಗಂಜಿಯೂ ಹೆಚ್ಚಿಸದೆ ಕೊಟ್ಟಿದ್ದಳು, ಅಷ್ಟೆ.

ನಾನು ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವನು. ಆಕೆ ಉಮ್ಮತ್ತೂರಿನಿಂದ ಮೊದಲ ಬಸ್ಸಿಗೆ ನಗರಕ್ಕೆ ಬಂದು, ಅಲ್ಲಿ ನಾವೆಲ್ಲ ಹತ್ತುವ ಬಸ್ಸನ್ನೇ ಹತ್ತಿ, ತೆರಕಣಾಂಬಿಯನ್ನು ದಾಟಿದ ಮೇಲೆ ಸಿಗುವ ಅರಿಶಿನದ ಕಾರ್ಖಾನೆಯ ಮುಂದೆ ಇಳಿಯುವವಳು. ನಲವತ್ತರ ಸಮೀಪದ ಗಿಡ್ಡ ಹೆಂಗಸು. ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಕೂದಲು. ಬೇಗ ಬೇಗ ನಡೆಯುತ್ತಿದ್ದವಳು ಥಟ್ಟನೆ ನಿಂತು, ನೆಲದಲ್ಲಿ ಬಿದ್ದ ಮೊಳೆಯನ್ನೋ ತಂತಿಯ ತುಂಡನ್ನೋ ಹೆಕ್ಕಿ, ಚೀಲದ ಪಕ್ಕದ ಜೇಬಿಗೆ ಹಾಕಿಕೊಂಡು ಮತ್ತೆ ಅದೇ ವೇಗದಲ್ಲಿ ಹೊರಡುವ ವಿಚಿತ್ರ ನಡಿಗೆ. ತೋಳಿನ ಮೇಲೆ ಒಳಮೈ ಹೊರಗಾಗಿ ಮಡಿಸಿದ ಬಿಳಿ ಕೋಟು ಇರುತ್ತಿತ್ತು. ಬಿಳಿ ಎಂಬುದು ಹೆಸರಿಗೆ, ಎಷ್ಟು ಒಗೆದರೂ ಬಿಡದ ಹಳದಿ ಅದರ ನೂಲುನೂಲಿಗೂ ಇಳಿದಿತ್ತು. ಬೆರಳ ತುದಿಗಳೂ ಹಾಗೆಯೇ. ಬಸ್ಸಿನಲ್ಲಿ ಪಕ್ಕ ಕುಳಿತ ಅಪರಿಚಿತ ಮುದುಕಿಯೊಬ್ಬಳು ಆ ಕೈ ನೋಡಿ, “ಯಾವಾಗ ಕಣಮ್ಮಿ ಮದ್ವೆ?” ಎಂದು ಸಂಭ್ರಮದಿಂದ ಕೇಳಿದ್ದು ನನಗೆ ನೆನಪಿದೆ. “ಮದುವೆ ಅಲ್ಲಮ್ಮ, ಮಿಲ್ಲು” ಎಂದು ಹೇಳಿ ಆಕೆ ಕಿಟಕಿಯ ಆಚೆಗೆ ಮುಖ ತಿರುಗಿಸಿದಳು.

ಮದುವೆಯ ಮಾತುಗಳು ಹಿಂದೆ ಬಂದಿರಲಿಲ್ಲವೆಂದಲ್ಲ. ಕೊಳ್ಳೇಗಾಲದ ಕಡೆಯ ಒಂದು ಸಂಬಂಧ ಬಹಳ ದೂರ ಸಾಗಿತ್ತಂತೆ. ವರ ಸ್ವಲ್ಪ ನಾಚಿಕೆಯಿಂದ, ತಾನು ಒಮ್ಮೊಮ್ಮೆ ಕುಡಿಯುವುದುಂಟು ಎಂದು ಒಪ್ಪಿಕೊಂಡನಂತೆ. ಅದನ್ನು ಅವನ ಪ್ರಾಮಾಣಿಕತೆಯೆಂದು ಎಲ್ಲರೂ ಮೆಚ್ಚುತ್ತಿರುವಾಗ ಈಕೆ, “ಒಮ್ಮೊಮ್ಮೆ ಅಂದ್ರೆ ಎಷ್ಟು ದಿನಕ್ಕೊಂದ್ಸಲ?” ಎಂದು ಕೇಳಿದಳಂತೆ. ಇದನ್ನು ನನಗೆ ಹೇಳಿದವಳು ಆಕೆಯೇ. ನಾನು ಬಿದ್ದು ಬಿದ್ದು ನಕ್ಕೆ, ಆಕೆ ನಗಲಿಲ್ಲ. “ಬಯ್ಯಕ್ಕೆ ಕೇಳಿರ್ಲಿಲ್ಲ ಸಾರ್. ತಿಳ್ಕೊಳ್ಳಣ ಅಂತ ಕೇಳ್ದೆ” ಎಂದಳು. ತಾಯಿ ಚಿಕ್ಕಮಾದಮ್ಮ ಅಂದಿನಿಂದ ಮಗಳ ಮುಂದೆ ಮದುವೆಯ ಸುದ್ದಿ ಎತ್ತುವುದನ್ನು ಬಿಟ್ಟರು. ಇನ್ನೊಮ್ಮೆ ನೆಂಟರ ಮನೆಯ ಊಟದಲ್ಲಿ, ಮುಚ್ಚಳವಿಲ್ಲದ ಪಾಯಸದ ಪಾತ್ರೆಯ ಬಳಿ ನಿಂತು ಅಡುಗೆಯವರಿಗೆ ಸಮಾಧಾನವಾಗಿಯೇ ಬುದ್ಧಿ ಹೇಳಿದಳಂತೆ; ಆ ಮನೆಯ ಮುಂದಿನ ಶುಭಕಾರ್ಯಕ್ಕೆ ಕರೆ ಬರಲಿಲ್ಲ. ಯಾರೂ ಜಗಳವಾಡಲಿಲ್ಲ. ಕರೆಯುವುದು ಮರೆತುಹೋಯಿತು ಎಂದರು.

ಕಾರ್ಖಾನೆಯ ಯಜಮಾನರು ಶಂಭುಲಿಂಗಪ್ಪ. ತಂದೆಯ ಕಾಲದಿಂದ ಅರಿಶಿನದ ವ್ಯಾಪಾರ. ರೈತರು ಬೇಯಿಸಿ ಒಣಗಿಸಿ ತಂದ ಕೊಂಬನ್ನು ಕೊಂಡು, ಉರುಳುವ ಪೀಪಾಯಿಯಲ್ಲಿ ಹೊಳಪು ಕೊಟ್ಟು, ಆರಿಸಿ, ಕೆಲವನ್ನು ಹಾಗೆಯೇ, ಕೆಲವನ್ನು ಪುಡಿ ಮಾಡಿ ಘಟ್ಟದ ಕೆಳಗೆ ಕೇರಳಕ್ಕೆ ಕಳಿಸುವುದು. ಸ್ಥೂಲ ಕಾಯ, ವಿಭೂತಿಯ ಹಣೆ, ಜೋರು ದನಿ, ಕೆಟ್ಟವರಲ್ಲದ ಮನುಷ್ಯ. ಕೆಲವು ವರ್ಷಗಳ ಹಿಂದೆ ಅವರ ದೊಡ್ಡ ಗಿರಾಕಿಯೊಬ್ಬ, ಇನ್ನು ಮುಂದೆ ಐಎಸ್‌ಒ ಗುಣಮಟ್ಟದ ಪ್ರಮಾಣಪತ್ರ ಇಲ್ಲದವರಲ್ಲಿ ಮಾಲು ಕೊಳ್ಳುವುದಿಲ್ಲವೆಂದ. ಮೈಸೂರಿನಿಂದ ಸಲಹೆಗಾರ ಬಂದ; ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟು, ಇದನ್ನು ನೋಡಿಕೊಳ್ಳಲು ನಿಮ್ಮವರೇ ಒಬ್ಬರು ಬೇಕು ಎಂದ. ಬಿಲ್ಲು ಬರೆಯುವ ಕೆಲಸದಲ್ಲಿದ್ದ ಶಶಿರೇಖಾ ಬಿ.ಎಸ್ಸಿ. ಓದಿದ್ದಳು. ಶಂಭುಲಿಂಗಪ್ಪನವರು ಅವಳತ್ತ ಬೆರಳು ತೋರಿಸಿದರು. ಗೋಡೆಗೆ ನೇತುಹಾಕುವ ಒಂದು ಹಾಳೆ ಅವರಿಗೆ ಬೇಕಿತ್ತು. ಆಕೆ ಆ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿ, ನಂಬಿಬಿಟ್ಟಳು.

ನಾನು ಈ ಕಥೆಯೊಳಗೆ ಬಂದದ್ದು ಆಗ. ಒಂದು ಬೆಳಿಗ್ಗೆ ಆಕೆ ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಬಂದು ಕುಳಿತು, “ಮೇಷ್ಟ್ರೇ, ಇದನ್ನ ಕನ್ನಡ ಮಾಡಿಕೊಡ್ತೀರಾ? ನಮ್ಮವರಿಗೆ ಓದಿ ಹೇಳ್ಬೇಕು” ಎಂದು ಕೆಲವು ಪುಟಗಳನ್ನು ಮುಂದಿಟ್ಟಳು. ನಾನು ಉತ್ಸಾಹದಿಂದ ಕುಳಿತು, ‘ಅನನುರೂಪತೆಯು ಕಂಡುಬಂದಲ್ಲಿ ಪರಿಹಾರಾತ್ಮಕ ಕ್ರಮಗಳನ್ನು ಕೈಗೊಳ್ಳತಕ್ಕದ್ದು’ ಎಂಬ ಧಾಟಿಯಲ್ಲಿ, ನನ್ನ ಪಾಂಡಿತ್ಯಕ್ಕೆ ಕುಂದುಬಾರದಂತೆ ಬರೆದುಕೊಟ್ಟೆ. ಮಾರನೆಯ ವಾರ ಆಕೆ ಹಾಳೆಗಳನ್ನು ಹಿಂದಕ್ಕೆ ತಂದಳು. ಕೊಂಬು ಆರಿಸುವ ಹೆಂಗಸರ ಪೈಕಿ ಹಿರಿಯಳಾದ ಮೂಗಮ್ಮ ಅದನ್ನು ಕೇಳಿ ಕೈ ಮುಗಿದು, “ಇದ್ಯಾವ ದ್ಯಾವ್ರದು ಕಣಮ್ಮಿ?” ಎಂದಿದ್ದಳಂತೆ. ನಾವಿಬ್ಬರೂ ಅನೇಕ ಬೆಳಗುಗಳನ್ನು ಆ ಬಸ್ಸಿನಲ್ಲಿ ಒಂದೊಂದೇ ಮಾತಿಗೆ ವ್ಯಯಿಸಿದೆವು. ಅನನುರೂಪತೆ ಹೋಗಿ ಎಡವಟ್ಟು ಬಂತು. ಕೊನೆಗೆ ಉಳಿದದ್ದು ಎರಡು ಸಾಲು: ‘ಎಡವಟ್ಟಾದರೆ ಬಂದು ಹೇಳಿ. ಹೇಳಿದವರನ್ನು ಬಯ್ಯುವುದಿಲ್ಲ, ಕೆಲಸದಿಂದ ತೆಗೆಯುವುದಿಲ್ಲ.’ ಎರಡನೆಯ ಸಾಲು ಮೂಲದಲ್ಲಿ ಹಾಗೆ ಇಲ್ಲವಲ್ಲ ಎಂದು ನಾನು ಆಕ್ಷೇಪಿಸಿದೆ. ಆಕೆ ಬಹಳ ಯೋಚಿಸಿ ಹೇಳಿದಳು: “ತಪ್ಪಿಗೆ ಕಾರಣ ಹುಡುಕಿ ಅಂತ ಬರೆದವ್ರೆ ಸಾರ್. ಬಯ್ದ್ರೆ ಯಾರು ಕಾರಣ ಹೇಳ್ತಾರೆ?”

ಶಂಭುಲಿಂಗಪ್ಪನವರು ಓದದೆಯೇ ಸಹಿ ಹಾಕಿದರು. ಆ ಎರಡು ಸಾಲು ದೊಡ್ಡ ಅಕ್ಷರಗಳಲ್ಲಿ, ಅವರ ಸಹಿಯ ಸಮೇತ, ಆರಿಸುವ ಮೇಜುಗಳ ಮುಂದಿನ ಗೋಡೆಯನ್ನೇರಿದವು.

ಮೊದಲು ಯಾರೂ ಬರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ, ಪೀಪಾಯಿ ನಡೆಸುವ ನಿಂಗಯ್ಯ ತಲೆಯ ಟವೆಲನ್ನು ಕೈಗೆ ತೆಗೆದುಕೊಂಡು ಅವಳ ಮೇಜಿನ ಮುಂದೆ ಬಂದು ನಿಂತ. ಪೀಪಾಯಿಯ ಬೋಲ್ಟೊಂದು ಕಳಚಿ ಮಾಲಿನೊಳಗೆ ಸೇರಿಹೋಗಿತ್ತು. ಆ ಮಾಲು ಪುಡಿ ಮಾಡುವ ಯಂತ್ರದ ಬಾಯಿಗೆ ಹೋಗುವುದರಲ್ಲಿತ್ತು. ಆಕೆ ಯಂತ್ರ ನಿಲ್ಲಿಸಿದಳು. ಅರ್ಧ ದಿನ ಎಲ್ಲರೂ ಸೇರಿ ಜರಡಿ ಹಿಡಿದರು. ಯಜಮಾನರು ಬಾಗಿಲಲ್ಲಿ ನಿಂತು, “ಏನ್ಲಾ ನಿಂಗ, ಕಣ್ಣು ಎಲ್ಲಿಟ್ಟಿದ್ದೆ?” ಎಂದು ಗರ್ಜಿಸಲು ಬಾಯಿ ತೆರೆದವರು, ಶಶಿರೇಖಾ ಗೋಡೆಯ ಕಡೆ ನೋಡಿದ್ದನ್ನು ಕಂಡು, ಗೊಣಗುತ್ತ ಒಳಗೆ ಹೋದರು. ಬೋಲ್ಟು ಸಿಕ್ಕಿದಾಗ ನಿಂಗಯ್ಯ ಅದನ್ನು ಎಲ್ಲರಿಗೂ ಎತ್ತಿ ತೋರಿಸಿದನಂತೆ.

ಅಂದಿನಿಂದ ಬಾಗಿಲು ತೆರೆದುಕೊಂಡಿತು. “ಮೇಡಮ್ಮೋರೆ, ನಂದೊಂದು ಎಡವಟ್ಟು” ಎಂದು ಒಬ್ಬೊಬ್ಬರೇ ಬಂದರು. ಒಬ್ಬಳು ಬಳೆ ಚೂರಾದದ್ದನ್ನು ಹೇಳಿದಳು, ಒಬ್ಬ ಒದ್ದೆ ಚೀಲ ಅಡಿಯಲ್ಲಿಟ್ಟದ್ದನ್ನು ಹೇಳಿದ. ಆ ದಿನಗಳಲ್ಲಿ ಆಕೆ ಬಸ್ಸಿನಲ್ಲಿ ನನ್ನೊಡನೆ ಮಾತಾಡುವಾಗ ಕೈ ಆಡಿಸುತ್ತಿದ್ದಳು. ಮಧ್ಯಾಹ್ನದ ಊಟಕ್ಕೆ ಹೊಂಗೆಯ ಮರದ ಕೆಳಗೆ ಹೆಂಗಸರ ಜೊತೆ ಕೂರುತ್ತಾಳೆಂದೂ, ಮೂಗಮ್ಮ ತನ್ನ ಮನೆಯ ಉಪ್ಸಾರಿನ ಖಾರವನ್ನು ಇವಳ ಡಬ್ಬಿಗೆ ಹಾಕಿ, “ತಿನ್ನು ಕಣಮ್ಮಿ, ಒಣಕ್ಲಾಗಿದ್ದೀಯ” ಎಂದು ಗದರಿಸುತ್ತಾಳೆಂದೂ ತಿಳಿಯಿತು. ಅಷ್ಟು ವರ್ಷ ಬಿಲ್ಲಿನ ಕೋಣೆಯಲ್ಲಿ ಒಬ್ಬಳೇ ಉಂಡವಳಿಗೆ ಅದು ಎಂಥ ಭಾಗ್ಯವಾಗಿತ್ತೆಂದು ಆಕೆಯ ಮುಖವೇ ಹೇಳುತ್ತಿತ್ತು. ಪ್ರಮಾಣಪತ್ರವೂ ಬಂತು. ಯಜಮಾನರು ಅದಕ್ಕೆ ಕಟ್ಟು ಹಾಕಿಸಿ, ಮಾದಪ್ಪನ ಪಟದ ಪಕ್ಕದಲ್ಲಿಟ್ಟು, ಹೂ ಮುಡಿಸಿದರು.

ಮರುವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಕೇರಳಕ್ಕೆ ಹೋದ ಲಾರಿಯೊಂದು ಹಾಗೆಯೇ ಹಿಂದಕ್ಕೆ ಬಂತು. ಕೊಂಬಿನ ನಡುವೆ ಬೂಸ್ಟು ಹಿಡಿದವೂ, ಅದೇ ಬಣ್ಣದ ಸಣ್ಣ ಕಲ್ಲುಗಳೂ ಸಿಕ್ಕಿದ್ದವು. ಇಂಥದ್ದು ಇನ್ನೊಮ್ಮೆ ಆದರೆ ವ್ಯವಹಾರ ಮುಗಿಯಿತು ಎಂದಿದ್ದ ಗಿರಾಕಿ. ಮೂವತ್ತು ಜನರ ಅನ್ನದ ಪ್ರಶ್ನೆ ಅದು. ಶಶಿರೇಖಾ ಎಲ್ಲರನ್ನೂ ಕೂರಿಸಿ, ಯಾರು ಎಂದು ಕೇಳದೆ, ಏನಾಗಿರಬಹುದು ಎಂದಷ್ಟೇ ಕೇಳಿದಳು. ಊಟದ ಹೊತ್ತಿಗೆ ಮೂಗಮ್ಮ ತಾನಾಗಿ ಅವಳ ಪಕ್ಕಕ್ಕೆ ಸರಿದು, ಡಬ್ಬಿಯ ಮುಚ್ಚಳ ತೆರೆಯದೆಯೇ ಹೇಳಿದಳು.

“ನನ್ ಕಣ್ಣು ಮಂಜಾಗದೆ ಕಣಮ್ಮಿ. ಬ್ಯಾಸ್ಗೆಯಿಂದ್ಲೂ ಹಂಗೇಯ. ಕೈಲಿ ಸವರಿ ಸವರಿ ಆರುಸ್ತಿದ್ದೆ. ಕಲ್ಲು ಕೊಂಬು ಎಲ್ಲಾ ಒಂದೇ ತರ ಕಾಣ್ತದೆ.”

“ಯಾಕಜ್ಜಿ ಮೊದ್ಲೇ ಹೇಳ್ಲಿಲ್ಲ?”

“ಮನ್ಗೆ ಓಗು ಅಂದ್ಬುಟ್ರೆ ಅಂತ. ಆಮ್ಯಾಕೆ ಅನ್ಕೊಂಡೆ, ಗ್ವಾಡೆ ಮ್ಯಾಲೆ ಬರ್ದು ಮಡಗಿದ್ದೀಯಲ್ಲ ನೀನು.”

ಶಶಿರೇಖಾ ತನ್ನ ವರದಿಯಲ್ಲಿ ಮೂಗಮ್ಮನ ಹೆಸರನ್ನು ಬರೆಯಲಿಲ್ಲ. ಆರಿಸುವ ಮೇಜಿನ ಮೇಲೆ ಬೆಳಕು ಸಾಲದು, ಕೆಲಸದವರ ಕಣ್ಣಿನ ಪರೀಕ್ಷೆ ಒಮ್ಮೆಯೂ ಆಗಿಲ್ಲ, ಇವೆರಡನ್ನೂ ಸರಿಪಡಿಸಬೇಕು ಎಂದು ಬರೆದಳು. ಶಂಭುಲಿಂಗಪ್ಪನವರು ಅದನ್ನು ಓದಿ ತಲೆಯೆತ್ತಿ, “ಯಾರ ಕಣ್ಣಮ್ಮ?” ಎಂದರು. ಬೇರೆ ಯಾರೇ ಆಗಿದ್ದರೂ ‘ಎಲ್ಲರದೂ ಒಂದ್ಸಲ ನೋಡ್ಸಣ ಸಾರ್’ ಎಂದು ಜಾರಿಕೊಳ್ಳುತ್ತಿದ್ದರು. ಆಕೆಗೆ ಆ ವಿದ್ಯೆ ಬಾರದು. “ಗೊತ್ತು ಸಾರ್. ಹೇಳಲ್ಲ” ಎಂದಳು.

“ನೀ ಹೇಳ್ಬೇಡ ಬುಡು. ನಾನೇ ಕಂಡ್ಕತೀನಿ.”

ಅವರು ಎದ್ದು ಹೊರಗೆ ಹೋದರು. ಅಂಗಳದಿಂದ ಬೊಗಸೆ ಕಲ್ಲು ತಂದು, ಕೊಂಬಿನ ರಾಶಿಯಲ್ಲಿ ಬೆರೆಸಿ, ಒಬ್ಬೊಬ್ಬ ಹೆಂಗಸನ್ನೇ ಕರೆದು ಆರಿಸಿ ಕೊಡಿ ಎಂದರು. ಮೂಗಮ್ಮನ ಸರದಿ ಬಂದಾಗ ಅವಳ ಕೈ ರಾಶಿಯ ಮೇಲೆ ಸುಮ್ಮನೆ ಆಡುತ್ತಿತ್ತೆಂದು, ಎದುರಿಗೆ ನಿಂತಿದ್ದ ನಿಂಗಯ್ಯ ನನಗೆ ಹೇಳಿದ್ದಾನೆ. ಯಜಮಾನರು ಬಯ್ಯಲಿಲ್ಲ. ದನಿ ತಗ್ಗಿಸಿ, “ಸಾಕು ಕಣವ್ವ. ವಯಸ್ಸಾಯ್ತು. ನಾಳಿಂದ ಮನೇಲಿರು” ಎಂದರು. ಮೂಗಮ್ಮ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಕೊಡವಿ, ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೋಗುವಾಗ ಒಮ್ಮೆ ಶಶಿರೇಖಾಳ ಕಡೆ ತಿರುಗಿ ನೋಡಿದಳು. ಆ ಮಂಜುಗಣ್ಣಿಗೆ ಎಷ್ಟು ಕಂಡಿತೋ ಯಾರಿಗೂ ತಿಳಿಯದು.

ಮಾರನೆಯ ದಿನ ಹೊಂಗೆಯ ಮರದ ಕೆಳಗೆ ಆಕೆ ಹೋಗಿ ಕುಳಿತಾಗ, ಹೆಂಗಸರು ಗೋಡೌನಿನ ಹಿಂದಿನ ನೆರಳಿಗೆ ಹೋಗಿದ್ದರು. ಕೇಳಿದರೆ ಬಿಸಿಲು ಅಂದರು. ಎಡವಟ್ಟುಗಳ ಸುದ್ದಿ ಹೊತ್ತು ಬರುವವರು ನಿಂತುಹೋದರು.

ಆಕೆ ಯಜಮಾನರಲ್ಲಿ ಹೋಗಿ ಮೂಗಮ್ಮನನ್ನು ಕರೆಸಿ ಎಂದು ಕೇಳಿದಳು. ಅವರದೂ ಒಂದು ನ್ಯಾಯವಿತ್ತು. “ನಾನೇನ್ ಕಟುಕ್ನಾ? ಲಾರಿ ವಾಪಸ್ ಬಂದದೆ. ಏನೋ ಒಂದು ಮಾಡ್ದೆ ಅಂತ ಅವ್ರಿಗೆ ತೋರುಸ್ಬೇಕಲ್ಲಮ್ಮ.” ಆಕೆ ಹೊರಗೆ ಬಂದು, ಸ್ಟೂಲು ಹತ್ತಿ, ಎಲ್ಲರೂ ನೋಡುತ್ತಿರುವಂತೆಯೇ ಗೋಡೆಯ ಫಲಕವನ್ನು ಕಳಚಿ ತಂದು ಅವರ ಮೇಜಿಗೆ ಒರಗಿಸಿಟ್ಟಳು. “ಇದು ಸುಳ್ಳಾಗಿಹೋಯ್ತು ಸಾರ್. ಸುಳ್ಳನ್ನ ಗೋಡೆ ಮೇಲೆ ಮಡಗಕ್ಕಾಗಲ್ಲ.” ಅವರು ಕೆಂಡವಾದರು. ಪ್ರಮಾಣಪತ್ರದ ತಪಾಸಣೆಗೆ ವರ್ಷಕ್ಕೊಮ್ಮೆ ಬರುವ ಆಡಿಟರ್ ಬರುವ ಕಾಲ ಹತ್ತಿರವಾಗಿತ್ತು. ಮತ್ತೆ ಹಾಕು ಎಂದರು. ನೀವು ಹಾಕಿಸಿ, ನಾನು ಹಾಕಲ್ಲ ಎಂದಳು. ಹಟಕ್ಕೆ ಅವರೂ ಹಾಕಿಸಲಿಲ್ಲ. ಬೋರ್ಡು ಇಲ್ಲದಿದ್ದರೆ ಯಾರು ಕೇಳುತ್ತಾರೆ ಎಂದುಕೊಂಡಿರಬೇಕು.

ಆಡಿಟರ್ ಕೊಯಮತ್ತೂರಿನ ಕಡೆಯವರು, ತಮಿಳು ಬೆರೆತ ಮೃದುವಾದ ಕನ್ನಡದವರು. ಆರಿಸುವ ಕೋಣೆಗೆ ಬಂದವರೇ ಗೋಡೆಯ ಮೇಲಿನ ಚೌಕಾಕಾರದ ಬಿಳಿ ಕಲೆಯನ್ನು ನೋಡಿ, “ಹೋದ ವರ್ಷ ಇಲ್ಲಿ ಒಂದು ಬೋರ್ಡ್ ಇತ್ತಲ್ಲಮ್ಮ, ಎಲ್ಲಿ?” ಎಂದರು. ಶಂಭುಲಿಂಗಪ್ಪನವರು, “ಸುಣ್ಣ ಹೊಡಿಯಕ್ಕೆ ಇಳಿಸಿದ್ದೀವಿ ಸಾರ್” ಎಂದರು. ಆಡಿಟರ್ ಶಶಿರೇಖಾಳ ಮುಖ ನೋಡಿದರು. ಕೋಣೆಯ ತುಂಬ ಕೆಲಸದವರು. ಎಲ್ಲರ ಕೈಯೂ ನಿಂತಿತು.

“ಸುಣ್ಣಕ್ಕಲ್ಲ ಸಾರ್. ಅದರಂತೆ ನಾವು ನಡೀಲಿಲ್ಲ. ತಪ್ಪು ಬಂದು ಹೇಳಿದವ್ರನ್ನ ಕೆಲಸದಿಂದ ತೆಗೆದುಬಿಟ್ವಿ” ಎಂದಳು.

‘ತೆಗೆದರು’ ಎನ್ನಲಿಲ್ಲ, ‘ತೆಗೆದುಬಿಟ್ವಿ’ ಎಂದಳು. ಅದನ್ನು ಗಮನಿಸಿದವನು ನಿಂಗಯ್ಯ ಒಬ್ಬನೇ ಇರಬೇಕು. ನನಗೆ ಹೇಳುವಾಗ ಎರಡು ಸಲ ಹೇಳಿದ.

ಆಡಿಟರ್ ಬರೆದುಕೊಂಡರು. ಇದನ್ನು ಸರಿಪಡಿಸುವವರೆಗೆ ಪ್ರಮಾಣಪತ್ರ ಮುಂದುವರಿಯುವುದಿಲ್ಲ ಎಂದು ವಿನಯವಾಗಿಯೇ ತಿಳಿಸಿ ಹೋದರು. ಶಂಭುಲಿಂಗಪ್ಪನವರು ಕೆಲವು ದಿನ ಶಶಿರೇಖಾಳ ಜೊತೆ ಮಾತು ಬಿಟ್ಟರು. ಅವಳನ್ನು ತೆಗೆದುಹಾಕುವ ಯೋಚನೆಯೂ ಬಂದಿತ್ತೆಂದು ಅವರೇ ಮುಂದೊಂದು ದಿನ ನನ್ನೆದುರು ಒಪ್ಪಿಕೊಂಡರು. ಆಮೇಲೆ ವ್ಯಾಪಾರಿಯ ವಿವೇಕ ಗೆದ್ದಿತು. ಜೀಪು ಕಳಿಸಿ ಮೂಗಮ್ಮನನ್ನು ಕರೆಸಿದರು. ಮೈಸೂರಿನಲ್ಲಿ ಕಣ್ಣಿನ ಪೊರೆ ತೆಗೆಸಿದರು. ಮೇಜುಗಳ ಮೇಲೆ ಬೆಳ್ಳನೆಯ ದೀಪಗಳು ಬಂದವು. ಕಪ್ಪು ಕನ್ನಡಕದಲ್ಲಿ ಮರಳಿದ ಮೂಗಮ್ಮ ರಾಶಿಯ ಮುಂದೆ ಕುಳಿತು, ಕನ್ನಡಕ ಸರಿಸಿ ನೋಡಿ, “ಅಯ್ಯೋ ಶಿವ್ನೆ, ಇಷ್ಟು ಅಳದಿಯಾಗಿತ್ತಾ ಇದು!” ಎಂದು ಕೂಗಿದಾಗ ಇಡೀ ಕೋಣೆ ನಕ್ಕಿತಂತೆ. ಫಲಕ ಮತ್ತೆ ಗೋಡೆಯೇರಿತು. ಕೇರಳದ ಲಾರಿಗಳು ಮೊದಲಿನಂತೆ ಹೋಗಿಬಂದವು.

ಎಲ್ಲವೂ ಸರಿಹೋಯಿತು ಎಂದು ನಾನು ಬಗೆದಿದ್ದೆ. ಬಸ್ಸಿನಲ್ಲಿ ಸಿಕ್ಕ ನಿಂಗಯ್ಯನಿಗೆ, ನಿಮ್ಮ ಮೇಡಮ್ಮನವರು ಗೆದ್ದುಬಿಟ್ಟರಲ್ಲ ಎಂದೆ. ಅವನು ಸುತ್ತ ನೋಡಿ, ದನಿ ತಗ್ಗಿಸಿ, “ಗೆದ್ರು ಸಾಮಿ. ಆದ್ರೆ ಎದುರ್ಗೆ ನಿಂತಿದ್ದ ಯಜಮಾನ್ರನ್ನೇ ಬುಡ್ನಿಲ್ಲ ಆಯಮ್ಮ. ನಮ್ಮನ್ನ ಬುಟ್ಟಾರಾ?” ಎಂದ. ಅಜ್ಜಿಯನ್ನು ಉಳಿಸಿದ ಆ ಒಂದು ಸತ್ಯವೇ ಆಕೆಯನ್ನು ಎಲ್ಲರಿಗೂ ಇನ್ನಷ್ಟು ಭಯಂಕರಳನ್ನಾಗಿ ಮಾಡಿತ್ತು. ಯಂತ್ರದಲ್ಲಿ ಏನಾದರೂ ಸಪ್ಪಳ ಬಂದರೆ ಈಗ ತಾವೇ ಗುಟ್ಟಾಗಿ ಸರಿಮಾಡಿಕೊಳ್ಳುತ್ತಾರೆ. ಆಕೆ ಹಾದುಹೋದರೆ ಮಾತು ನಿಲ್ಲಿಸುತ್ತಾರೆ. ಗೌರವದಿಂದ ಎದ್ದು ನಿಲ್ಲುವವರೂ ಇದ್ದಾರೆ.

ಮೂಗಮ್ಮನನ್ನು ನಾನು ತೆರಕಣಾಂಬಿಯ ಸಂತೆಯಲ್ಲಿ ಕಂಡೆ. ನಿನ್ನ ಕಣ್ಣು ಬಂದದ್ದು ಅವಳಿಂದಲ್ಲವೇ, ಜೊತೆಯಲ್ಲಿ ಕೂತು ಉಣ್ಣಬಾರದೇ ಎಂದು ಕೇಳಿಯೇಬಿಟ್ಟೆ. ಮುದುಕಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. “ಚಿನ್ನದಂತೋಳು ಕಣ್ಸಾಮಿ. ಮಾದಪ್ಪ ಅವಳ ತಣ್ಣಗೆ ಮಡುಗ್ಲಿ. ಒಂದೆರಡು ದಿನ ಓಗಿ ಕುಂತ್ಕಂಡಿದ್ದೆ. ಆದ್ರೆ ಪಕ್ಕ ಕುಂತ್ರೆ ಅನ್ನ ಗಂಟ್ಲಲ್ಲಿ ಇಳಿಯಾಕಿಲ್ಲ. ಬಾಯ್ತಪ್ಪಿ ಏನ್ ಏಳ್ಬುಟ್ಟೇನೋ, ಅದು ಎಲ್ಲಿಗೆ ಓಗಿ ನಿಂತ್ಕತದೋ ಅನ್ನಂಗಾಯ್ತದೆ.”

ನಾನು ಇದನ್ನು ಶಶಿರೇಖಾಳಿಗೆ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಒಂದು ಸಂಜೆ, ಯಜಮಾನರನ್ನು ಕಾಣಲೆಂದು ಅಲ್ಲಿ ಇಳಿದಿದ್ದ ನಾನೂ ಆಕೆಯೂ ತಡವಾದ ಬಸ್ಸಿಗೆ ಕಾಯುತ್ತ ಕಾರ್ಖಾನೆಯ ಮುಂದಿನ ಕಲ್ಲಿನ ಮೇಲೆ ಕುಳಿತಿದ್ದಾಗ ಆಕೆಯೇ ಕೇಳಿದಳು: “ಸಾರ್, ನಾನು ಅವತ್ತು ಸುಣ್ಣಕ್ಕೆ ಇಳಿಸಿದ್ದೀವಿ ಅಂತ ಒಪ್ಕೊಂಡಿದ್ರೆ ಏನಾಗ್ತಿತ್ತು?” ನಾನು, ಮೂಗಮ್ಮ ಮನೆಯಲ್ಲೇ ಇರುತ್ತಿದ್ದಳು ಎಂದೆ. ಆಕೆ ತಲೆಯಾಡಿಸಿದಳು. ಅದು ತನಗೂ ಗೊತ್ತೆಂಬಂತೆ, ಆದರೂ ಅದನ್ನು ಇನ್ನೊಬ್ಬರ ಬಾಯಿಂದ ಕೇಳಬೇಕಿತ್ತೆಂಬಂತೆ. ಕೋಟಿನ ಮಡಿಕೆಯನ್ನು ಬಿಚ್ಚಿ, ಮತ್ತೆ ಮಡಿಸಿದಳು. “ಊಟದ ಹೊತ್ತು ಮಾತ್ರ ಸ್ವಲ್ಪ ಉದ್ದ ಅನ್ಸ್ತದೆ ಸಾರ್” ಎಂದಳು. ಅಷ್ಟು ವರ್ಷಗಳಲ್ಲಿ ಆಕೆ ತನ್ನ ಬಗ್ಗೆ ಹೇಳಿಕೊಂಡ ದೂರು ಅದೊಂದೇ.

ಶಂಭುಲಿಂಗಪ್ಪನವರು ಈಗ ಕಾರ್ಖಾನೆಯ ಬಗ್ಗೆ ಯಾರು ವಿಚಾರಿಸಿದರೂ ಅವಳ ಹೆಸರನ್ನು ಹೆಮ್ಮೆಯಿಂದ ಹೇಳುತ್ತಾರೆ. “ಆಯಮ್ಮ ಇರೋದ್ರಿಂದ ನಂಗೆ ನಿದ್ದೆ ಬತ್ತದೆ ಮೇಷ್ಟ್ರೇ. ಎದುರ್ಗೆ ಬಂದ್ರೆ ಮಾತ್ರ ಎದೆ ಧಸಕ್ ಅಂತದೆ” ಎಂದು ನಗುತ್ತಾರೆ. ಅವರ ಮಗಳ ಮದುವೆಗೆ ಕಾರ್ಖಾನೆಯವರೆಲ್ಲ ಹೋಗಿ ದಿನವಿಡೀ ಕೆಲಸ ಮಾಡಿ ಉಂಡುಬಂದರು. ಅಂದು ಮಾಲಿನ ಗೋಡೌನು ನೋಡಿಕೊಳ್ಳಲು ನಂಬಿಕಸ್ಥರೊಬ್ಬರು ಬೇಕಿತ್ತು, ಶಶಿರೇಖಾ ಉಳಿದಳು.

ಇಂಥವರು ಎಲ್ಲ ಕಡೆಯೂ ಇದ್ದಾರೆ. ಊರ ಟ್ಯಾಂಕಿನ ನೀರನ್ನು ತಾನು ಕುಡಿದು ನೋಡಿದ ಮೇಲೆಯೇ ಕೊಳಾಯಿಗೆ ಬಿಡುವ ನೀರುಗಂಟಿ, ಆಸ್ಪತ್ರೆಯಲ್ಲಿ ಸೂಜಿಮದ್ದಿನ ಸೀಸೆಯನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ಓದುವ ನರ್ಸು, ಎಲ್ಲರೂ ಸಹಿ ಹಾಕಿದ ಕಾಗದಕ್ಕೆ ತಾನೊಬ್ಬ ಸಹಿ ಹಾಕದೆ ಪೆನ್ನು ಮುಚ್ಚಿಡುವ ಗುಮಾಸ್ತ. ಅವರ ದುಡಿಮೆಯ ಫಲವೆಂದರೆ ಎಲ್ಲೋ ಸಂಭವಿಸದೆ ಉಳಿದುಹೋದ ಒಂದು ಕೇಡು. ಸಂಭವಿಸದೆ ಉಳಿದದ್ದು ಯಾರ ಕಣ್ಣಿಗೂ ಬೀಳುವುದಿಲ್ಲವಾದ್ದರಿಂದ ಅದಕ್ಕಾಗಿ ಕೈ ಮುಗಿಯುವವರೂ ಇರುವುದಿಲ್ಲ. ನಮ್ಮ ಮನೆಯ ಸಾರಿನ ಬಣ್ಣವನ್ನು ನಂಬಿ ನಾವು ಮಕ್ಕಳಿಗೆ ಬಡಿಸುವಾಗ, ಆ ನಂಬಿಕೆಯ ಹಿಂದೆ ಎಲ್ಲೋ ಒಬ್ಬರು ಎಲ್ಲರೆದುರು ‘ಇಲ್ಲ’ ಎಂದದ್ದಿರುತ್ತದೆ. ಅವರಿಲ್ಲದೆ ನಮಗೆ ನಡೆಯುವುದಿಲ್ಲ. ಅವರ ಜೊತೆ ಕೂರಲು ನಮಗೆ ಧೈರ್ಯ ಸಾಲದು. ಅವರನ್ನು ನಾವು ನಂಬುತ್ತೇವೆ, ಪ್ರೀತಿಸುವುದನ್ನು ನಾಳೆಗೆ ಬಿಡುತ್ತೇವೆ. ಅವರೋ, ಆ ನಾಳೆಯ ಬಗ್ಗೆ ಏನನ್ನೂ ಕೇಳದೆ, ಮರದ ಕೆಳಗೆ ತಮ್ಮ ಡಬ್ಬಿ ಬಿಚ್ಚಿ, ಪಕ್ಕದಲ್ಲಿ ಒಬ್ಬರಿಗೆ ಆಗುವಷ್ಟು ಜಾಗ ಬಿಟ್ಟು ಕೂರುತ್ತಾರೆ.